ಹದಿನಾಲ್ಕನೆಯ ನಂಬರಿನ ಹೆಂಗಸು

ಬೆಟಗೇರಿ, ಗದಗ
6 ಡಿಸೆಂಬರ್ 2024

ಚಿ. ದುರ್ಗಾಳಿಗೆ ಆಶೀರ್ವಾದ.

ಮೂವತ್ತೆರಡು ವರ್ಷ ಮೈದಾನದಲ್ಲಿ ಸೀಟಿ ಊದಿ ಊದಿ ನನ್ನ ಕಿವಿಗಳು ನನಗಿಂತ ಮೊದಲೇ ನಿವೃತ್ತವಾಗಿವೆ. ಫೋನಿನಲ್ಲಿ ನೀನು ಅಂದದ್ದು ನನಗೆ ಕೇಳುವುದಿಲ್ಲ. ನಾನು ಬೈಯಲು ಶುರು ಮಾಡಿದರೆ ನೀನು ಫೋನ್ ಇಟ್ಟುಬಿಡುತ್ತೀ. ಪತ್ರಕ್ಕೆ ಆ ಸೌಕರ್ಯ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ, ಪೂರ್ತಿ ಓದು.

ಮೊನ್ನೆ ಮಂಗಳವಾರ ನಿಮ್ಮೂರು ಹಿರೇವಡ್ಡಟ್ಟಿಗೆ ಹೋಗಿದ್ದೆ. ನಿವೃತ್ತನಾಗಿ ಏಳು ವರ್ಷವಾದರೂ ಅಲ್ಲಿಯ ಪಂಚಮಿ ಆಟದ ಮಂಡಳಕ್ಕೆ ನಾನೇ ಅಧ್ಯಕ್ಷ. ಹಾಳೂರಿಗೆ ಉಳಿದವನೇ ಗೌಡ. ಹೋಗಿ ನೋಡಿದರೆ ನಮ್ಮ ಬಯಲಿನಲ್ಲಿ ಶಾಮಿಯಾನ. ಶಿರಹಟ್ಟಿಯ ಫಕೀರೇಶ ಎಂಬ ನಲವತ್ತರ ಆಸಾಮಿ ಮೈಕಿನ ಮುಂದೆ ನಿಂತಿದ್ದ. ಅವನ ಜೀಪಿನ ಹಣೆಯ ಮೇಲೆ ‘ಪ್ರಾಂತ ಸಂಯೋಜಕರು, ಸರ್ವಜನ ಕ್ರೀಡಾ ವಿಶ್ವಮಂಡಳಿ’ ಎಂದು ಬರೆದಿದೆ. ನವೆಂಬರ್ ತಿಂಗಳಿಡೀ ಊರಿನ ನಲವತ್ತು ಹೆಂಗಸರ ಕೈಗೆ ಕರಿ ರಬ್ಬರಿನ ಪಟ್ಟಿ ಕಟ್ಟಿಸಿದ್ದನಂತೆ. ಅದು ಹೆಜ್ಜೆ ಎಣಿಸುತ್ತದಂತೆ. ಎಣಿಸಿದ ಮೇಲೆ ಅವನಿಗೆ ಜ್ಞಾನೋದಯವಾಗಿದೆ. “ನಮ್ಮ ಹಳ್ಳಿ ಹೆಣ್ಣಮಕ್ಕಳು ಮೈ ಅಳ್ಳಾಡಸಂಗೇ ಇಲ್ಲ. ಅವರಿಗೆ ಆಟ ಕಲಿಸಬೇಕಾಗೈತಿ” ಎಂದು ಮೈಕಿನಲ್ಲಿ ಒದರಿದ. ಕೆಳಗೆ ಕೂತ ಹೆಂಗಸರು ಹತ್ತಿ ಬಿಡಿಸಲು ಹೋಗುವುದು ಬಿಟ್ಟು ಇದನ್ನು ಕೇಳುತ್ತಿದ್ದರು.

ನನ್ನನ್ನೂ ವೇದಿಕೆಗೆ ಕರೆದು ‘ಗ್ರಾಮೀಣ ಕ್ರೀಡಾ ಭೀಷ್ಮ’ ಎಂದು ಶಾಲು ಹೊದಿಸಿದರು. ಅದನ್ನು ಅಲ್ಲೇ ಬಿಸಾಡಬೇಕೆಂದಿದ್ದೆ. ಫೋಟೋ ತೆಗೆಯುವತನಕ ತಡೆದೆ. ಶಾಲು ಮುಟ್ಟಿದ್ದಕ್ಕೂ ಕಾಗದದ ಮೇಲೆ ಸಹಿ ತೆಗೆದುಕೊಂಡರು, ಅಷ್ಟು ಶಿಸ್ತಿನ ಜನ. ಮನೆಗೆ ತಂದರೆ ನಿನ್ನ ಗುರುಪತ್ನಿ ಅಂಬುಬಾಯಿ ಅದನ್ನು ಮುಟ್ಟಿ ನೋಡಿ, “ಉಪ್ಪಿನಕಾಯಿ ಭರಣಿ ಮುಚ್ಚಾಕ ಚೊಲೊ ಆತು” ಅಂದಳು.

ಅವರು ಹಂಚಿದ ಕರಪತ್ರದ ಕೊನೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ವಿಯೆನ್ನಾ ಕಚೇರಿಯ ವಿಳಾಸ, ಅದರ ಕೆಳಗೆ ನಿನ್ನ ಹೆಸರಿದೆ. ದುರ್ಗಾ ದೇವವ್ವ ಎಂಬ ಹೆಸರು ವಿಯೆನ್ನಾದಲ್ಲಿ ಎರಡು ಇರಲಾರವು. ನಿನ್ನ ಮಂಡಳಿಗೆ ಒಂದು ಮಾತು ಹೇಳು: ಪಟ್ಟಿ ಕಟ್ಟಲಿ, ಭಾಷಣ ಬಿಗಿಯಲಿ, ಆ ಬಯಲಿನ ಗೊಡವೆಗೆ ಮಾತ್ರ ಬರಬೇಡಿ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರಿಯುತ್ತದೆ. ಅದರ ಮೇಲೆ ಆಟ ಸಾಧ್ಯವಿಲ್ಲವೆಂದು ಮೂವತ್ತು ವರ್ಷದಿಂದ ಪ್ರತಿ ಪಂಚಮಿಗೆ ಮುಂಚೆ ಮನೆಗೊಂದು ಬುಟ್ಟಿಯಂತೆ ಕಪ್ಪತ್ತಗುಡ್ಡದ ಕಡೆಯ ಕೆಂಪು ಮಸಾರಿ ಮಣ್ಣು ತಂದು ಹೆಂಗಸರೇ ಹಾಸಿದ್ದಾರೆ. ಹಬ್ಬಕ್ಕೆ ತವರಿಗೆ ಬಂದವರು ಜೋಕಾಲಿ ಜೀಕಿ, ಲಿಂಬಿಹಣ್ಣು ಎಸೆದು, ಸಂಜೆ ಸೀರೆ ಕಚ್ಚೆ ಹಾಕಿ ಖೋಖೋ ಆಡುವುದು ಅಲ್ಲೇ. ನೀನು ರಾಜ್ಯದ ತಂಡಕ್ಕೆ ಹೋಗುವತನಕ ಬಿದ್ದೆದ್ದದ್ದೂ ಅದೇ ಮಣ್ಣಿನಲ್ಲಿ.

ನಿನ್ನ ಮಾಸ್ತರ,
ಮಾರ್ತಾಂಡ


ವಿಯೆನ್ನಾ
4 ಜನವರಿ 2025

ಪೂಜ್ಯ ಮಾಸ್ತರರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಓದಿ ಬಹಳ ದಿನದ ಮೇಲೆ ಗಟ್ಟಿಯಾಗಿ ನಕ್ಕೆ. ಪಕ್ಕದ ಮೇಜಿನವರು ಗಾಬರಿಯಾದರು. ಹೌದು, ಅದು ನನ್ನದೇ ಹೆಸರು. ಮಂಡಳಿಯಲ್ಲಿ ಈಗ ನಾನು ಕಾರ್ಯಕ್ರಮ ಅಧಿಕಾರಿ. ‘ಎಲ್ಲರಿಗೂ ಆಟ, ದಿನವೂ ಚಲನೆ’ ನಮ್ಮ ಧ್ಯೇಯ. ನೀವು ತಮಾಷೆ ಮಾಡುತ್ತೀರಿ, ಆದರೆ ಇದು ಒಂಬತ್ತು ದೇಶಗಳ ನೂರಾ ಹನ್ನೆರಡು ಹಳ್ಳಿಗಳಲ್ಲಿ ನಡೆಯುತ್ತಿರುವ ಕೆಲಸ.

ಹಿರೇವಡ್ಡಟ್ಟಿ ಅದರಲ್ಲಿ ಹೇಗೆ ಬಂತೋ, ಹಳ್ಳಿಗಳನ್ನು ಆರಿಸಿದವರು ಬೇರೆ ವಿಭಾಗದವರು. ಫಲಿತಾಂಶ ನೋಡಿ ನನಗೇ ನಾಚಿಕೆಯಾಯಿತು. ನೂರಾ ಹನ್ನೆರಡರಲ್ಲಿ ನಮ್ಮೂರು ಕಟ್ಟಕಡೆಯದು. ಹೆಂಗಸರ ದಿನದ ಸರಾಸರಿ ಮುನ್ನೂರು ಹೆಜ್ಜೆ ದಾಟಿಲ್ಲ. ನಮಗೆ ಹೆಸರು ಕೊಡುವುದಿಲ್ಲ, ನಂಬರು ಮತ್ತು ವಯಸ್ಸು ಮಾತ್ರ. ಹದಿನಾಲ್ಕನೆಯ ನಂಬರಿನ ಹೆಂಗಸು, ಐವತ್ತೆರಡು ವರ್ಷ, ದಿನಕ್ಕೆ ಇನ್ನೂರಾ ಹನ್ನೆರಡು ಹೆಜ್ಜೆ! ಯಾರೋ ಪಾಪ, ಹಾಸಿಗೆ ಬಿಟ್ಟು ಏಳಲಾರದವಳಿರಬೇಕು. ನಕ್ಷೆಯಲ್ಲಿ ಆ ಹೆಂಗಸಿನ ಹೆಜ್ಜೆಯ ಗೆರೆಯನ್ನೇ ವರದಿಯ ಮುಖಪುಟಕ್ಕೆ ಹಾಕಿದ್ದೇವೆ. ಸದಸ್ಯ ದೇಶಗಳ ಪ್ರತಿನಿಧಿಗಳ ಮನ ಬೇಗ ಮುಟ್ಟುತ್ತದೆ.

ಅದಕ್ಕೇ ಊರಿಗೆ ಒಂದು ಒಳ್ಳೆಯ ಸುದ್ದಿ. ಬಯಲಿನಲ್ಲಿ ಹೆಂಗಸರಿಗಾಗಿ ತೆರೆದ ವ್ಯಾಯಾಮ ಶಾಲೆ ಬರಲಿದೆ: ಹನ್ನೆರಡು ಯಂತ್ರಗಳು, ಕೆಳಗೆ ಅಚ್ಚುಕಟ್ಟಾದ ಸಿಮೆಂಟ್ ಪೇವರ್ ಕಲ್ಲಿನ ಹಾಸು. ಇನ್ನು ಮೇಲೆ ಪ್ರತಿವರ್ಷ ಮಣ್ಣು ಹೊರುವ ಕಷ್ಟ ಇಲ್ಲ. ನೀವು ಹೇಳಿದರೆ ಊರು ಕೇಳುತ್ತದೆ. ಹೆಂಗಸರಿಗೆ ಸ್ವಲ್ಪ ತಿಳಿಸಿ ಹೇಳಿ, ಮಾಸ್ತರರೇ.

ಅಂಬುಬಾಯಿ ಅಮ್ಮನವರಿಗೆ ನಮಸ್ಕಾರ.
ನಿಮ್ಮ ದುರ್ಗಾ


ಬೆಟಗೇರಿ
27 ಜನವರಿ 2025

ದುರ್ಗಾ,

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಿನ್ನ ಮಂಡಳಿಯವರು ಅದಕ್ಕೂ ಮುಂದೆ ಹೋಗಿ ಕರುವಿನ ಫೋಟೋವನ್ನು ಮುಖಪುಟಕ್ಕೆ ಹಾಕಿದ್ದಾರೆ.

ನಿನ್ನ ಪತ್ರ ಬಂದ ಮರುದಿನವೇ ಮುಂಡರಗಿ ಬಸ್ಸು ಹತ್ತಿ ನಿಮ್ಮೂರಿಗೆ ಹೋದೆ. ಆ ಹದಿನಾಲ್ಕನೆಯ ರೋಗಿಷ್ಠೆಯನ್ನು ಕಣ್ಣಾರೆ ನೋಡಿ, ಎರಡು ಮೋಸಂಬಿ ಕೊಟ್ಟು ಬರೋಣವೆಂದು. ನಂಬರು ಪಟ್ಟಿಯ ಒಳಮಗ್ಗುಲಲ್ಲಿ ಕೊರೆದಿರುತ್ತದೆ, ಓಣಿಯಲ್ಲಿ ಕೇಳಿದರೆ ಹದಿನಾಲ್ಕು ಯಾರದೆಂದು ಹೇಳಿದರು. ಹೆಂಗಸು ಮನೆಯಲ್ಲಿರಲಿಲ್ಲ. ಹಾಸಿಗೆಯಲ್ಲೂ ಇರಲಿಲ್ಲ. ಎರಡು ಮೈಲಿ ಆಚೆ ಕಡಲಿ ಕೀಳುತ್ತಿದ್ದಳು. ಕೈಯಲ್ಲಿ ಪಟ್ಟಿ ಇರಲಿಲ್ಲ. ಎಲ್ಲಿ ಎಂದು ಕೇಳಿದೆ.

“ಅದನ್ನ ಹೊಲಕ್ಕ ತರತಾರೇನ್ರಿ ಮಾಸ್ತರ್ರ? ಫಾರಿನ್ ಸಾಮಾನ. ಮಣ್ಣ ಹತ್ತಿ ಕೆಟ್ಟ ಹೋತಂದ್ರ? ಟ್ರಂಕಿನ್ಯಾಗ ಅರಬ್ಯಾಗ ಸುತ್ತಿ ಇಟ್ಟೀನಿ” ಎಂದಳು.

“ಮತ್ತ ಯಾವಾಗ ಕಟ್ಕೋತಿ?”

“ಸೋಮಾರ ಜಳಕಾ ಮಾಡಿ ಕಟ್ಕೋತೀನ್ರಿ. ಅಮಾಸಿಗೆ ಕಟ್ಕೋತೀನಿ. ಸಂತಿಗೆ ಹೊಂಟ್ರ ಬಸ್ಸಿನ್ಯಾಗ ಕಟ್ಕೊಂಡು ಕುಂಡ್ರತೀನಿ. ಎಲ್ಲಾರೂ ಹಂಗ ಮಾಡ್ಯಾರ.”

ತಿಳಿಯಿತೇ? ಸೋಮವಾರ, ಅಮಾವಾಸ್ಯೆ ನಮ್ಮಲ್ಲಿ ಎತ್ತಿಗೆ ನೊಗ ಹೂಡುವುದಿಲ್ಲ, ಹೊಲಕ್ಕೆ ರಜೆ. ನಲವತ್ತು ಹೆಂಗಸರು ನಿನ್ನ ಮಂಡಳಿಯ ಪಟ್ಟಿಯನ್ನು ಬಂಗಾರದ ಬೋರಮಾಳ ಸರದಂತೆ ಮರ್ಯಾದೆಯಿಂದ ಕಾಪಾಡಿದ್ದಾರೆ. ದುಡಿಯುವ ದಿನ ಅದು ಟ್ರಂಕಿನಲ್ಲಿ ಮಲಗಿತ್ತು. ಟ್ರಂಕು ಎಷ್ಟು ಹೆಜ್ಜೆ ನಡೆದೀತು? ಇನ್ನೂರಾ ಹನ್ನೆರಡೇ ಹೆಚ್ಚು. ಇದನ್ನು ಒಬ್ಬ ಮನುಷ್ಯನಾದರೂ ಬಂದು ಕೇಳಲಿಲ್ಲ. ಫಕೀರೇಶ ವಾರಕ್ಕೊಮ್ಮೆ ಬಂದು ಫೋನನ್ನು ಪಟ್ಟಿಗೆ ತಾಗಿಸಿ, ಚಹಾ ಕುಡಿದು ಹೋಗುತ್ತಿದ್ದನಂತೆ. ಹೆಂಗಸರ ಮುಖ ನೋಡುವುದು ಅವನ ಕಲಂ ಪಟ್ಟಿಯಲ್ಲಿ ಇಲ್ಲ.

ಅವನನ್ನು ಬಿಡು. ನೀನು ಆ ಊರಲ್ಲಿ ಹುಟ್ಟಿದವಳು. ಆ ಹೆಂಗಸರು ಹಗಲಿಡೀ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವುದನ್ನು ನೋಡಿದವಳು. ಖೋಖೋ ಆಡಿದವಳು. ಕುಳಿತವಳು ಆಟದಲ್ಲಿಲ್ಲ ಎಂದು ನಿನಗೆ ಯಾರು ಕಲಿಸಿದರು? ನಾನಂತೂ ಕಲಿಸಿಲ್ಲ.

ಹದಿನಾಲ್ಕನೆಯ ನಂಬರಿನವಳ ಹೆಸರು ದೇವವ್ವ. ನಿನ್ನ ಅವ್ವ. ಈಗ ಆ ಮುಖಪುಟ ತೆಗೆಸು, ಬಯಲು ಉಳಿಸು.

ಮಾರ್ತಾಂಡ


ವಿಯೆನ್ನಾ
21 ಫೆಬ್ರುವರಿ 2025

ಮಾಸ್ತರರಿಗೆ,

ಅವ್ವನಿಗೆ ಫೋನ್ ಮಾಡಿದ್ದೆ. “ಆರಾಮ ಅದೀನಿ, ನೀ ಉಂಡ್ಯಾ?” ಎಂದಳು. ಪಟ್ಟಿಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ವರದಿ ಅಚ್ಚಾಗಿ ಒಂಬತ್ತು ದೇಶಗಳಿಗೆ ಹೋಗಿದೆ. ಅದನ್ನು ಈಗ ತಪ್ಪು ಎನ್ನುವುದೆಂದರೆ ನನ್ನ ಮೇಲಿನ ಐದು ಜನರನ್ನು ತಪ್ಪು ಎಂದಂತೆ. ಇಲ್ಲಿ ಹಾಗೆ ಯಾರೂ ಬರೆಯುವುದಿಲ್ಲ.

ನನ್ನ ಅವ್ವನನ್ನು ನಾನು ಗುರುತಿಸಲಿಲ್ಲ ಎಂದು ಚುಚ್ಚಿದ್ದೀರಿ, ಸರಿ. ನಾನು ಎಂಟನೆಯ ತರಗತಿಯಲ್ಲಿದ್ದಾಗ ಪಾಲಕರ ಓಟಕ್ಕೆ ಅವಳು ಬರಲಿಲ್ಲ. “ನಿಮ್ಮವ್ವಗ ಮೈ ಭಾರ ಆಗೈತೇನ?” ಎಂದು ನೀವು ಎಲ್ಲರ ಮುಂದೆ ಕೇಳಿದಿರಿ. ಹುಡುಗಿಯರೆಲ್ಲ ನಕ್ಕರು. ಅಂದು ಅವಳು ಮಂದಿ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದಳು. ಆಗ ನಿಮ್ಮ ಕೈಯಲ್ಲಿ ಯಾವ ಯಂತ್ರವೂ ಇರಲಿಲ್ಲ. ಆದರೂ ನೀವೂ ತಪ್ಪೇ ಎಣಿಸಿದಿರಿ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದೆಲೆಯ ನೊಣ ತೋರಿಸಬಾರದು ಎನ್ನುತ್ತಾರೆ.

ಬಯಲಿನ ವಿಷಯ: ನಮ್ಮ ಮಂಡಳಿ ಎಲ್ಲೂ ನುಗ್ಗಿ ಕೆಲಸ ಮಾಡುವುದಿಲ್ಲ. ಊರಿನ ಪರವಾಗಿ ಲಿಖಿತ ಒಪ್ಪಿಗೆ ಬಂದಿದೆ. ಯಾರು ಕೊಟ್ಟರೆಂದು ನೀವೇ ಅಲ್ಲಿ ವಿಚಾರಿಸಿ.

ದುರ್ಗಾ


ಬೆಟಗೇರಿ
18 ಮಾರ್ಚ್ 2025

ದುರ್ಗಾ,

ಪಾಲಕರ ಓಟದ ಮಾತು ನನಗೆ ನೆನಪಿಲ್ಲ. ನೆನಪಿಲ್ಲ ಎನ್ನುವುದು ಉತ್ತರವಲ್ಲ ಎಂಬುದೂ ಗೊತ್ತು. ಅದನ್ನು ಆಮೇಲೆ ನೋಡೋಣ.

ಬಯಲು ಹೋಯಿತು. ಫೆಬ್ರುವರಿ ಕೊನೆಯ ವಾರ ಟ್ರ್ಯಾಕ್ಟರ್ ಬಂದು ಮೂವತ್ತು ವರ್ಷದ ಮಸಾರಿ ಮಣ್ಣನ್ನು ಮೂರು ದಿನದಲ್ಲಿ ಎತ್ತಿಕೊಂಡು ಹೋಯಿತು. ಖೋಖೋ ಅಂಕಣದ ತುಂಬ ಬೂದು ಬಣ್ಣದ ಪೇವರ್ ಕೂಡಿಸಿದ್ದಾರೆ. ಅದರ ಮೇಲೆ ಬಿದ್ದ ಹುಡುಗಿಯ ಮೊಣಕಾಲು ನಿನ್ನ ಮಂಡಳಿ ಕೊಡುತ್ತದೆಯೇ? ಹತ್ತು ಯಂತ್ರಗಳು ಸುತ್ತ ನಿಂತಿವೆ, ಎರಡು ಸರಿಯಾಗಿ ಅಂಕಣದ ನಡುವೆ.

ಉದ್ಘಾಟನೆ ಚೆನ್ನಾಗಿ ಆಯಿತು. ಬಳೆ ಮಾರುವ ಮೋತಿಬಿ ನಿನಗೆ ನೆನಪಿರಬೇಕು, ಪಂಚಮಿ ಆಟದಲ್ಲಿ ಅವಳನ್ನು ಮುಟ್ಟಿದವರಿಲ್ಲ. ಅವಳನ್ನೇ ಹಿಡಿದು ಒಂದು ಚಕ್ರದ ಮುಂದೆ ನಿಲ್ಲಿಸಿ ತಿರುವು ಎಂದರು. ನಾಲ್ಕು ಸುತ್ತು ತಿರುವಿ ನಿಂತಳು. “ಬೀಸೂಕಲ್ಲ ತಿರುವಿದ್ರ ಹಿಟ್ಟರ ಬೀಳತೈತಿ. ಇದನ್ನ ತಿರುವಿದ್ರ ಏನ ಬೀಳತೈತ್ರಿ ಸಾಹೇಬ್ರ?” ಎಂದು ಫಕೀರೇಶನನ್ನು ಕೇಳಿದಳು.

“ಆರೋಗ್ಯ ಬರತೈತವ್ವಾ.”

“ಯಾವ ಕಡೆಯಿಂದ ಬರತೈತ್ರಿ? ಮೊರಾ ಹಿಡಿತೀನಿ.”

ನನಗೆ ಕಿವಿ ಕೇಳದಿದ್ದರೂ ಆ ನಗು ಕೇಳಿಸಿತು.

ಈಗ ನೀನು ಹೇಳಿದ ಒಪ್ಪಿಗೆ ಪತ್ರದ ಮಾತು. ಊರೆಲ್ಲ ವಿಚಾರಿಸಿದೆ. ಪಂಚರು ಇಲ್ಲ ಅಂದರು, ಹಿರಿಯರು ಇಲ್ಲ ಅಂದರು. ಫಕೀರೇಶ ನನ್ನನ್ನು ನೋಡಿ ಹಲ್ಲು ಕಿಸಿದ, ಅಷ್ಟೇ. ಊರ ಹೆಣ್ಣುಮಕ್ಕಳ ಬಯಲನ್ನು ಒಂದು ಗೀಟಿನಲ್ಲಿ ಬರೆದುಕೊಟ್ಟ ಆ ಕತ್ತೆ ಯಾರು? ಅವನು ಓದು ಬಾರದ ಬಡವನಾಗಿದ್ದರೆ ಕ್ಷಮಿಸೇನು. ಅಕ್ಷರ ಬಲ್ಲವನಾಗಿದ್ದರೆ ಅವನನ್ನು ಅದೇ ಯಂತ್ರಕ್ಕೆ ಕಟ್ಟಿ ಊರ ಮಂದಿ ಕೈಯಿಂದ ತಿರುಗಿಸಬೇಕು. ಹೆಸರು ಕಳಿಸು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಮಾರ್ತಾಂಡ


ವಿಯೆನ್ನಾ
9 ಏಪ್ರಿಲ್ 2025

ಮಾಸ್ತರರಿಗೆ,

ಒಪ್ಪಿಗೆ ಪತ್ರದ ನಕಲನ್ನು ಜೊತೆಗೆ ಇಟ್ಟಿದ್ದೇನೆ. ದಿನಾಂಕ 3 ಡಿಸೆಂಬರ್ 2024. ‘ಅಧ್ಯಕ್ಷರು, ಪಂಚಮಿ ಆಟದ ಮಂಡಳ’ ಎಂಬಲ್ಲಿ ಇರುವ ಸಹಿಯನ್ನು ನನ್ನ ಹತ್ತನೆಯ ತರಗತಿಯ ಕ್ರೀಡಾ ಪ್ರಮಾಣಪತ್ರದ ಮೇಲೂ ನೋಡಿದ್ದೇನೆ.

ಫೆಬ್ರುವರಿಯಲ್ಲೇ ಕಳಿಸಬಹುದಿತ್ತು. ನಿಮಗೆ ನೋವಾಗುತ್ತದೆಂದು ಸುಮ್ಮನಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ನೀವು ಇನ್ನೂ ಸ್ವಲ್ಪ ಬೈಯಲಿ ಎಂದು ಕಾದೆ.

ದುರ್ಗಾ


ಬೆಟಗೇರಿ
20 ಜೂನ್ 2025

ದುರ್ಗಾ,

ಎರಡು ತಿಂಗಳು ಬರೆಯಲಿಲ್ಲ. ಏನು ಬರೆಯಲಿ? ಮಾಡಿದ್ದುಣ್ಣೋ ಮಹರಾಯ. ಶಾಲು ಮುಟ್ಟಿದ್ದಕ್ಕೆ ಪಾವತಿ ಚೀಟಿ ಎಂದುಕೊಂಡು, ಕನ್ನಡಕವನ್ನು ಜೇಬಿನಿಂದ ತೆಗೆಯಲೂ ಬೇಸರಪಟ್ಟು, ‘ಭೀಷ್ಮ’ ಎನಿಸಿಕೊಂಡ ಗುಂಗಿನಲ್ಲಿ ಗೀಚಿದೆ. ಭೀಷ್ಮನಾದರೂ ಬಾಣದ ಮೇಲೆ ಮಲಗಿದ. ನಾನು ಉಪ್ಪಿನಕಾಯಿ ಭರಣಿಯ ಅರಿವೆಗೆ ಬಯಲು ಕೊಟ್ಟೆ. ಅಂಬುಬಾಯಿಗೆ ನಕಲು ತೋರಿಸಿದೆ. ಓದಿ ಮಡಚಿ ಕೊಟ್ಟು, “ಕತ್ತೆಗೆ ಊಟಕ್ಕ ಏನ ಹಾಕ್ಲಿ?” ಎಂದಳು. ಊರಿಗೆ ಹೋಗಿ ನಿನ್ನ ಅವ್ವನ ಮುಂದೆ ಹೇಳಿಕೊಂಡೆ. ಪಾಲಕರ ಓಟದ ಮಾತನ್ನೂ ಹೇಳಿದೆ. ಅವಳಿಗೆ ಅದು ಗೊತ್ತಿತ್ತಂತೆ. ನೀನು ಅಂದು ಉಣ್ಣದೆ ಮಲಗಿದ್ದಿಯಂತೆ.

ನಾಚಿಕೆ ಪಡುತ್ತ ಕೂತರೆ ಬಯಲು ಬರುವುದಿಲ್ಲ. ಈ ತಿಂಗಳಿಂದ ನಿನ್ನ ಮಂಡಳಿ ಎರಡನೆಯ ಎಣಿಕೆ ಶುರು ಮಾಡಿದೆಯಷ್ಟೆ. ಸುಳ್ಳು ಎಣಿಕೆಯಿಂದ ಬಂದದ್ದನ್ನು ಖರೆ ಎಣಿಕೆಯಿಂದಲೇ ಕಳಿಸೋಣ. ನಾನು ಮನೆಮನೆಗೆ ಹೋಗಿ ಹೇಳಿದ್ದೇನೆ: ಪಟ್ಟಿಯನ್ನು ಟ್ರಂಕಿನಿಂದ ತೆಗೆಯಿರಿ, ಹೊಲಕ್ಕೆ ಕಟ್ಟಿಕೊಂಡು ಹೋಗಿರಿ, ಕೆಟ್ಟರೆ ನಾನಿದ್ದೇನೆ. ಈಗ ಹೆಸರುಬೆಳೆಯ ಕಳೆ ತೆಗೆಯುವುದು ನಡೆದಿದೆ. ಕುರ್ಪಿಯ ಒಂದೊಂದು ಏಟಿಗೂ ಯಂತ್ರ ಒಂದು ಹೆಜ್ಜೆ ಬರೆದುಕೊಳ್ಳುತ್ತದೆ, ನಾನೇ ಪಕ್ಕದಲ್ಲಿ ಕೂತು ನೋಡಿದೆ. ಒಂದು ಸಾಲು ಮುಗಿಸುವಷ್ಟರಲ್ಲಿ ನನ್ನ ಮೊಣಕಾಲು ಹಿಡಿದವು, ನಿನ್ನ ಅವ್ವ ಏಳನೆಯ ಸಾಲಿನಲ್ಲಿದ್ದಳು.

ಈ ಅಂಕಿ ನೋಡಿದ ಮೇಲೆ, ಈ ಹೆಂಗಸರಿಗೆ ನಮ್ಮ ಯಂತ್ರ ಬೇಕಿರಲಿಲ್ಲ ಎಂದು ನಿನ್ನ ಮೇಲಿನ ಐದು ಜನರೂ ಒಪ್ಪಲೇಬೇಕು. ಆಗ ಬಯಲು ಬಿಟ್ಟುಕೊಡಿ ಎಂದು ನೀನು ಕೇಳು. ಪಂಚಮಿ ಜುಲೈ 29ಕ್ಕೆ.

ಮಾರ್ತಾಂಡ


ವಿಯೆನ್ನಾ
14 ಜುಲೈ 2025

ಪೂಜ್ಯ ಮಾಸ್ತರರಿಗೆ,

ನಿಮ್ಮ ಅಂಕಿ ಬಂತು. ಎಲ್ಲರೂ ನೋಡಿದರು. ಮುನ್ನೂರರಿಂದ ಹತ್ತೊಂಬತ್ತು ಸಾವಿರಕ್ಕೆ ಏರಿದ ಹಳ್ಳಿ ಮಂಡಳಿಯ ಇತಿಹಾಸದಲ್ಲೇ ಇಲ್ಲವಂತೆ. ಕಾರಣವನ್ನೂ ಕಂಡುಹಿಡಿದಿದ್ದಾರೆ: ಹನ್ನೆರಡು ಯಂತ್ರಗಳು. ಮುಂದಿನ ವರ್ಷ ಇದೇ ಮಾದರಿಯಲ್ಲಿ ಇನ್ನೂ ನಲವತ್ತು ಹಳ್ಳಿಗಳ ಬಯಲಿಗೆ ಪೇವರ್ ಹಾಸುತ್ತಾರೆ. ನೀವು ಅವರನ್ನು ಸೋಲಿಸಲು ಹೋಗಿ ಗೆಲ್ಲಿಸಿದ್ದೀರಿ, ಮಾಸ್ತರರೇ.

ಶುಕ್ರವಾರ ಸಮಾರಂಭ ಇತ್ತು. ಇಳಕಲ್ ಸೀರೆ ಉಟ್ಟು ಬಾ ಎಂದು ನನಗೆ ಸೂಚನೆ ಇತ್ತು. ಎರಡನೆಯ ಮಹಡಿಯ ಸಭಾಂಗಣಕ್ಕೆ ಚಲನೆಯ ಪ್ರಚಾರಕರೆಲ್ಲ ಲಿಫ್ಟಿಗೆ ಸಾಲು ನಿಂತಿದ್ದರು. ಗೋಡೆಯ ಮೇಲೆ ಅವ್ವನ ಎರಡು ಗೆರೆಗಳು: ನೆಲಕ್ಕೆ ಅಂಟಿದ್ದು, ಮುಗಿಲಿಗೆ ಏರಿದ್ದು. ಅಧ್ಯಕ್ಷರು ಅದನ್ನು ತೋರಿಸಿ, ಈ ಹೆಂಗಸನ್ನು ನಾವು ಎಬ್ಬಿಸಿ ನಿಲ್ಲಿಸಿದೆವು ಎಂದರು. ಜನ ಚಪ್ಪಾಳೆ ತಟ್ಟಿದರು. ನಿಮ್ಮ ಜೂನ್ ಪತ್ರ ನನ್ನ ಕೈಚೀಲದಲ್ಲಿತ್ತು. ಗಾಜಿನ ಫಲಕ ಕೊಟ್ಟರು. ತೆಗೆದುಕೊಂಡೆ. ಧನ್ಯವಾದ ಎಂದೆ.

ಮೊದಲ ಪತ್ರದಲ್ಲಿ ಒಂದು ಸುಳ್ಳು ಬರೆದಿದ್ದೆ. ಹಿರೇವಡ್ಡಟ್ಟಿಯನ್ನು ಆರಿಸಿದ್ದು ಬೇರೆ ವಿಭಾಗ ಅಲ್ಲ, ನಾನು. ಊರಿಗೆ ಏನಾದರೂ ಮಾಡಿದಂತಾಯಿತು, ಇಲ್ಲಿ ನನ್ನ ಕೆಲಸವೂ ಕಾಯಂ ಆಯಿತು ಎಂದುಕೊಂಡೆ. ಎರಡೂ ಆಸೆ ಒಟ್ಟಿಗೇ ಇದ್ದವು, ಯಾವುದು ದೊಡ್ಡದಿತ್ತೋ ಗೊತ್ತಿಲ್ಲ. ಅಂಕಿ ಬಂದಾಗ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಿಲ್ಲ. ಬಂದಿತ್ತು. ಗೆರೆ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದೆಂದು ಸುಮ್ಮನಾದೆ. ನನ್ನ ಬಗ್ಗೆ ನನಗೇ ಹೇಸಿಗೆ ಬರುತ್ತಿದೆ.

ಪಂಚಮಿಗೆ ಬರುವುದಿಲ್ಲ. ರಜೆ ಸಿಗಲಿಲ್ಲವಂತೆ ಎಂದು ಅವ್ವನಿಗೆ ಹೇಳಿ.

ದುರ್ಗಾ


ವಿಯೆನ್ನಾ
1 ಆಗಸ್ಟ್ 2025

ಪೂಜ್ಯ ಮಾಸ್ತರರಿಗೆ,

ನಿಮ್ಮ ಉತ್ತರ ಬರುವ ಮೊದಲೇ ಮತ್ತೆ ಬರೆಯುತ್ತಿದ್ದೇನೆ. ಜುಲೈ 21ರಂದು ಊರಲ್ಲಿ ಏನಾಯಿತು?

ಆ ದಿನ ಬೆಳಿಗ್ಗೆ ಏಳರಿಂದ ಸಂಜೆಯತನಕ ನಲವತ್ತು ಗೆರೆಗಳೂ ಒಟ್ಟಿಗೆ ಜಿಗಿದಿವೆ. ಹದಿನಾಲ್ಕನೆಯದು ಹಾಳೆ ದಾಟಿ ಹೋಗಿದೆ: ಮೂವತ್ತೊಂದು ಸಾವಿರ. ಇಂಥದ್ದು ಎಲ್ಲೂ ದಾಖಲಾಗಿಲ್ಲ. ಅದು ಸೋಮವಾರ. ಸೋಮವಾರ ನಮ್ಮೂರಲ್ಲಿ ನೊಗ ಹೂಡುವುದಿಲ್ಲ ಎಂದು ಇಲ್ಲಿ ನನಗೊಬ್ಬಳಿಗೇ ಗೊತ್ತು. ಫಕೀರೇಶರು ಫೋನ್ ಎತ್ತುತ್ತಿಲ್ಲ. ಅವ್ವನನ್ನು ಕೇಳಿದರೆ, “ಏನಿಲ್ಲ, ಮಾಸ್ತರ್ರನ್ನ ಕೇಳು” ಎನ್ನುತ್ತಾಳೆ.

ಮಂಡಳಿಯವರಿಗೆ ಸಂಭ್ರಮ. ಯಾವ ಆಟ ಆಡಿದರು, ಅದನ್ನು ಜಗತ್ತಿಗೇ ಕಲಿಸೋಣ ಎನ್ನುತ್ತಿದ್ದಾರೆ. ನನ್ನ ಮೇಜಿನ ಮೇಲೆ ಒಂದು ನಮೂನೆ ಇದೆ. ‘ಚಟುವಟಿಕೆಯ ಹೆಸರು’ ಎಂಬ ಕಲಂ ಖಾಲಿ ಇದೆ. ಕೆಳಗೆ ನನ್ನ ಸಹಿಯ ಜಾಗ. ಏನು ಬರೆಯಲಿ?

ದುರ್ಗಾ


ಬೆಟಗೇರಿ
20 ಆಗಸ್ಟ್ 2025

ಚಿ. ದುರ್ಗಾಳಿಗೆ ಆಶೀರ್ವಾದ.

ನಿನ್ನ ಎರಡೂ ಪತ್ರ ತಲುಪಿದವು. ಹೇಸಿಗೆಯ ವಿಷಯದಲ್ಲಿ ನಾವಿಬ್ಬರೂ ಒಂದೇ ತಂಡದವರು, ಅದರ ಬಗ್ಗೆ ಇನ್ನು ಮಾತು ಬೇಡ.

ಜುಲೈ 19ರ ಶನಿವಾರ ಫಕೀರೇಶ ಬಯಲಿನಲ್ಲಿ ‘ವಿಶ್ವಮಾದರಿ ಕ್ರಿಯಾಶೀಲ ಗ್ರಾಮ’ ಎಂಬ ಬೋರ್ಡು ನಿಲ್ಲಿಸಿದ. ಈ ಸಲ ಪಂಚಮಿಗೆ ಹೆಂಗಸರು ಸೀರೆ ಉಟ್ಟು ಯಂತ್ರದ ಮೇಲೆ ಸಾಲಾಗಿ ನಿಲ್ಲಬೇಕು, ವಿಡಿಯೋ ತೆಗೆಯಲು ಮಂದಿ ಬರುತ್ತಾರೆ, ಓಡುವ ಆಟ ಬಂದ್, ಪೇವರ್ ಕಿತ್ತುಹೋಗುತ್ತವೆ ಎಂದು ಸಾರಿದ.

ನಿನ್ನ ಅವ್ವ ಕೇಳಿದಳು, “ಹಂಗಾರ ಹಬ್ಬಕ್ಕ ಬಂದ ನಮ್ಮ ಹೆಣ್ಣಮಕ್ಕಳು ಎಲ್ಲಿ ಆಡಬೇಕ್ರಿ?”

“ಆಡಾಕ ಬ್ಯಾಡ ಅಂದವರ್ಯಾರು? ಅರ್ಜಿ ಕೊಡ್ರಿ, ಪರವಾನಗಿ ತಗೋರಿ.”

ಅವಳು ಜಗಳ ಮಾಡಲಿಲ್ಲ. ಸೋಮವಾರ ಹೊಲಕ್ಕೆ ರಜೆ. ಹೆಂಗಸರು ಜಳಕ ಮಾಡಿ, ಸೋಮವಾರವೆಂದು ರೂಢಿಯಂತೆ ಕೈಗೆ ಪಟ್ಟಿ ಕಟ್ಟಿಕೊಂಡು, ಹಾರೆ, ಗುದ್ದಲಿ, ಬುಟ್ಟಿ ಹಿಡಿದು ಬಯಲಿಗೆ ಬಂದರು. ಮಧ್ಯಾಹ್ನದೊಳಗೆ ಪೇವರ್ ಎಲ್ಲ ಎದ್ದವು. ಅಂಕಣದ ನಡುವಿನ ಎರಡು ಯಂತ್ರಗಳನ್ನು ಬುಡ ಅಗೆದು, ಹಗ್ಗ ಹಾಕಿ ಎಳೆದು ಬದಿಗೆ ಒಗೆದರು. ಮೋತಿಬಿ ಎಣಿಸುತ್ತ ಹೋಗಿ ಮನೆಮನೆಗೆ ಪೇವರ್ ಹಂಚಿದಳು. ಈಗ ಊರಿನ ಪ್ರತಿ ಬಚ್ಚಲಲ್ಲೂ ಅರಿವೆ ಒಗೆಯುವ ಕಲ್ಲು ಒಂದೇ ಬಣ್ಣದ್ದು. ಮಧ್ಯಾಹ್ನದ ಮೇಲೆ ಎರಡು ಟ್ರ್ಯಾಕ್ಟರ್ ಮಸಾರಿ ಮಣ್ಣು ಬಂತು. ಬುಟ್ಟಿಯಲ್ಲಿ ಹೊತ್ತು ಹರವಿ, ನೀರು ಚಿಮುಕಿಸಿ ತುಳಿದರು. ನಾನೂ ಹನ್ನೊಂದು ಬುಟ್ಟಿ ಹೊತ್ತೆ. ಹನ್ನೆರಡನೆಯದನ್ನು ನಿನ್ನ ಅವ್ವ ನನ್ನ ತಲೆಯ ಮೇಲಿಂದ ಇಳಿಸಿಕೊಂಡು, “ಸಾಕ್ರಿ ಮಾಸ್ತರ್ರ, ಮೈ ಭಾರ ಆಗೈತಿ ನಿಮಗ” ಎಂದಳು. ನನಗೆ ಅದು ಸಲ್ಲಬೇಕಾದದ್ದೇ.

ಫಕೀರೇಶ ಮರುದಿನ ಬಂದು, ವಾರದ ರೂಢಿಯಂತೆ ಪಟ್ಟಿಗಳಿಗೆ ಫೋನ್ ತಾಗಿಸಿ, ಆಮೇಲೆ ಬಯಲು ನೋಡಿ, ಪೊಲೀಸರನ್ನು ಕರೆಸುತ್ತೇನೆ ಎಂದ. ಕರೆಸು, ಮೊದಲು ನನ್ನನ್ನೇ ಹಿಡಿಯಲಿ, ಅಧ್ಯಕ್ಷ ನಾನು ಎಂದೆ. ವಿಶ್ವಮಾದರಿ ಗ್ರಾಮದಿಂದ ನಲವತ್ತು ಹೆಂಗಸರನ್ನು ಠಾಣೆಗೆ ಒಯ್ದರೆ ನಿನ್ನ ಮಂಡಳಿ ಯಾವ ಮುಖಪುಟ ಹಾಕುತ್ತದೆ ಎಂದೂ ಕೇಳಿದೆ. ಅಂದಿನಿಂದ ಅವನ ಜೀಪು ಈ ಕಡೆ ಬಂದಿಲ್ಲ. ಪಂಚಮಿಗೆ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ಬಂದು ಕತ್ತಲಾಗುವತನಕ ಆಡಿದರು. ನಾನು ಸೀಟಿ ಊದಿದೆ. ನೀನು ಬರಲಿಲ್ಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು.

ಜೊತೆಗೆ ಒಂದು ಕಾಗದ ಇದೆ. ಡಿಸೆಂಬರಿನ ಒಪ್ಪಿಗೆ ರದ್ದು, ಬಯಲು ಹೆಂಗಸರದು, ಮೊದಲ ಎಣಿಕೆ ನಡೆದದ್ದು ಟ್ರಂಕಿನೊಳಗೆ ಎಂದು ಬರೆದಿದ್ದೇವೆ. ನಲವತ್ತು ಸಹಿ, ಹೆಬ್ಬೆಟ್ಟುಗಳಿವೆ. ಕೊನೆಗೆ ನನ್ನದು, ಈ ಸಲ ಕನ್ನಡಕ ಹಾಕಿಕೊಂಡು ಓದಿ ಹಾಕಿದ್ದೇನೆ. ಇದನ್ನು ನಿನ್ನ ಮೇಲಿನ ಐದು ಜನರ ಮುಂದೆ ಇಡು, ಇಲ್ಲವೇ ಒಲೆಗೆ ಹಾಕು. ಉಳಿದ ನಲವತ್ತು ಊರುಗಳ ಬಯಲು ನೀನು ಯಾವುದನ್ನು ಮಾಡುತ್ತೀ ಎಂಬುದರ ಮೇಲಿದೆ.

ಆ ಖಾಲಿ ಕಲಂ ಬಗ್ಗೆ ನಿನ್ನ ಅವ್ವನನ್ನೇ ಕೇಳಿದೆ. ಹೊಸ್ತಿಲ ಮೇಲೆ ಕೂತು ಹೆಸರುಕಾಯಿ ಬಿಡಿಸುತ್ತಿದ್ದಳು. “ಹಬ್ಬಕ್ಕ ಅಂಗಳಾ ಸಾರಿಸೀವಿ ಅಂತ ಬರೀಲಿ. ಅದಕ್ಕೇನು ಹೆಸರು?” ಎಂದಳು. ಆಮೇಲೆ ಒಳಗೆ ಹೋಗಿ ಟ್ರಂಕು ತೆಗೆದು, ಅರಿವೆಯಲ್ಲಿ ಸುತ್ತಿದ್ದ ಪಟ್ಟಿಯನ್ನು ತಂದು ನನ್ನ ಕೈಯಲ್ಲಿಟ್ಟಳು. ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ, ಒಳಮಗ್ಗುಲಲ್ಲಿ ಹದಿನಾಲ್ಕು ಎಂದು ಕೊರೆದಿದೆ.

“ಇದನ್ನ ದುರ್ಗಿಗೆ ಕಳಸ್ರಿ, ಆಕಿ ಕಟ್ಕೊಳ್ಳಿ” ಎಂದಳು ನಿನ್ನ ಅವ್ವ. “ಕುಂತು ಮಾಡೂ ಕೆಲಸ ಆಕೀದು.”

ನಿನ್ನ ಮಾಸ್ತರ,
ಮಾರ್ತಾಂಡ